ಹೂಬಳ್ಳಿಯ ಪರದೆಯೂ ಸ್ಕ್ಯಾಂಡಿನೇವಿಯನ್ನೇ

ಪ್ರಶ್ನೆ: ಹೊಸ ಫ್ಲಾಟ್‌ಗೆ ಸ್ಕ್ಯಾಂಡಿನೇವಿಯನ್ ಶೈಲಿ ಬೇಕೆಂದು ಬಿಳಿ ಗೋಡೆ, ಬೂದು ಸೋಫಾ, ತಿಳಿ ಮರದ ಟೇಬಲ್ ಮಾಡಿಸಿದೆವು. ಆಮೇಲೆ ಸ್ಟಾಕ್‌ಹೋಮ್‌ನ ಸ್ವೆನ್ಸ್ಕ್ಟ್ ಟೆನ್ ಅಂಗಡಿಯ ಫೋಟೊ ನೋಡಿದರೆ ಪರದೆ, ಸೋಫಾ, ದಿಂಬು ಎಲ್ಲದರ ಮೇಲೂ ಗಿಡ, ಬಳ್ಳಿ, ಹಕ್ಕಿ! ಇದು ಮಾಡರ್ನಿಸಂಗೆ (ಅಲಂಕಾರ ಬಿಟ್ಟ ಸರಳ ಆಧುನಿಕ ಶೈಲಿಗೆ) ವಿರುದ್ಧವಲ್ಲವೇ? ಅದೇ ಥರ ಮೂರು ಹೂವಿನ ಬಟ್ಟೆ ತಂದು ಪರದೆ, ದಿಂಬು ಹೊಲಿಸಿದೆವು. ಹಾಲ್ ಸಂತೆಯಂತಾಯಿತು. ಎಲ್ಲಿ ತಪ್ಪಿದೆವು? (ಬೆಂಗಳೂರಿನ ಓದುಗರು)

ಉತ್ತರ: ವಿರುದ್ಧ ಹೌದು. ಆದರೆ ಹೊರಗೆ ನಿಂತವರು ಎಸೆದ ಕಲ್ಲಲ್ಲ, ಮನೆಯವರೇ ತೆಗೆದ ತಕರಾರು. ಆ ಬಟ್ಟೆಗಳ ವಿನ್ಯಾಸಕಾರ ಯೋಸೆಫ್ ಫ್ರಾಂಕ್, ವಿಯೆನ್ನಾ ಬಳಿಯ ಬಾಡೆನ್‌ನಲ್ಲಿ 1885ರಲ್ಲಿ ಹುಟ್ಟಿದ ವಾಸ್ತುಶಿಲ್ಪಿ. 1927ರಲ್ಲಿ ಸ್ಟುಟ್‌ಗಾರ್ಟ್‌ನ ವೈಸೆನ್‌ಹೋಫ್ ಬಡಾವಣೆಯಲ್ಲಿ ಮಾಡರ್ನಿಸಂನ ದೊಡ್ಡ ಹೆಸರುಗಳಾದ ಮೀಸ್ ವಾನ್ ಡೆರ್ ರೋಹೆ, ಲ ಕಾರ್ಬುಸಿಯೆ, ಗ್ರೋಪಿಯಸ್ ಅವರ ಮನೆಗಳ ಸಾಲಿನಲ್ಲೇ ಫ್ರಾಂಕ್ ಮನೆಯೂ ಎದ್ದಿತು. ಮರುವರ್ಷ ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಕೂಟ ಹುಟ್ಟಿದಾಗ ಸ್ಥಾಪಕರಲ್ಲಿ ಇವರೂ ಒಬ್ಬರು. ಹೊರಗಿನಿಂದ ನೋಡಿದರೆ ಸ್ಟುಟ್‌ಗಾರ್ಟ್‌ನ ಆ ಮನೆ ಚಪ್ಪಟೆ ಸೂರಿನ ಬಿಳಿ ಪೆಟ್ಟಿಗೆಯೇ. ಒಳಗೆ ಕಾಲಿಟ್ಟವರಿಗೆ ಮಾತ್ರ ಮೆತ್ತೆಗಳೂ ಬಣ್ಣದ ಬಟ್ಟೆಗಳೂ ಕಂಡವು, ಕಟ್ಟಾ ಸುಧಾರಕರು ಗೇಲಿ ಮಾಡಿದರು. ಕಟ್ಟಡ ಹೊಸದಾಗಲಿ, ಆದರೆ ಒಳಗೆ ಬದುಕುವವರ ರುಚಿಯನ್ನೂ ಉಜ್ಜಿ ತೊಳೆಯಬೇಕೆಂದೇನಿಲ್ಲ ಎನ್ನುವುದು ಫ್ರಾಂಕ್ ನಿಲುವು. ಕೊನೆಯವರೆಗೂ ಅದರಿಂದ ಕದಲಲಿಲ್ಲ.

ಆಸ್ಟ್ರಿಯಾದಲ್ಲಿ ಯಹೂದಿ ದ್ವೇಷ ಏರಿದಾಗ, 1933ರಲ್ಲಿ, ಹೆಂಡತಿಯ ತವರಾದ ಸ್ವೀಡನ್‌ಗೆ ಹೋದರು. ಹೋದ ಹೊತ್ತು ಗಮನಿಸಿ. 1930ರ ಸ್ಟಾಕ್‌ಹೋಮ್ ವಸ್ತುಪ್ರದರ್ಶನ ಮುಗಿದು ಮೂರೇ ವರ್ಷ. ಗುನ್ನಾರ್ ಆಸ್‌ಪ್ಲುಂಡ್ ಮುಖ್ಯ ವಾಸ್ತುಶಿಲ್ಪಿಯಾಗಿದ್ದ, ಸುಮಾರು 40 ಲಕ್ಷ ಭೇಟಿ ಕಂಡ ಆ ಪ್ರದರ್ಶನ ಗಾಜು, ಉಕ್ಕು, ಬಿಳಿ ಗೋಡೆಯ ‘ಫುಂಕಿಸ್’ ಶೈಲಿಯನ್ನು ಗೆಲ್ಲಿಸಿತ್ತು. 1931ರಲ್ಲಿ ಆಸ್‌ಪ್ಲುಂಡ್ ಸೇರಿ ಆರು ಮಂದಿ ಹೊರಡಿಸಿದ ಪ್ರಣಾಳಿಕೆಯ ಹೆಸರೇ ‘ಒಪ್ಪಿಕೊಳ್ಳಿ’, ಕೇಳಿಕೆಯಲ್ಲ, ಅಪ್ಪಣೆ. ಮರಗೆಲಸದ ಪರಂಪರೆಯ ಕಡೆಯಿಂದ ಪೀಠೋಪಕರಣ ವಿನ್ಯಾಸಕಾರ ಕಾರ್ಲ್ ಮಾಲ್ಮ್‌ಸ್ಟೆನ್ ಎದುರು ನಿಂತರು, ಪತ್ರಿಕೆಗಳಲ್ಲಿ ಜಗಳವೋ ಜಗಳ. ಫ್ರಾಂಕ್ ಆ ಎರಡು ಬಣಗಳಿಗೂ ಸೇರಲಿಲ್ಲ. 1934ರಲ್ಲಿ ಎಸ್ಟ್ರಿಡ್ ಎರಿಕ್ಸನ್ ಅವರ ಅಂಗಡಿ ಸ್ವೆನ್ಸ್ಕ್ಟ್ ಟೆನ್ ಸೇರಿದರು. ಅದು 1924ರಲ್ಲಿ ತವರ ಲೋಹದ ಪಾತ್ರೆಗಳಿಗಾಗಿ ಶುರುವಾದದ್ದು, ಹೆಸರಿನ ಅರ್ಥವೇ ‘ಸ್ವೀಡನ್ನಿನ ತವರ’. ಅಲ್ಲಿಗೆ ಫ್ರಾಂಕ್ ಮಾಡಿಕೊಟ್ಟ ಬಟ್ಟೆ ವಿನ್ಯಾಸಗಳು ಸುಮಾರು 160. ಯುದ್ಧಕಾಲದಲ್ಲಿ ನ್ಯೂಯಾರ್ಕ್‌ನಲ್ಲಿದ್ದಾಗ ಎರಿಕ್ಸನ್ ಅವರ ಐವತ್ತನೇ ಹುಟ್ಟುಹಬ್ಬಕ್ಕೆ ಐವತ್ತು ವಿನ್ಯಾಸ ಬರೆದು ಕಳಿಸಿದರಂತೆ ನೋಡಿ, ಕೈ ಅಷ್ಟು ಓಡುತ್ತಿತ್ತು.

ಹೂವೇ ಏಕೆ? ಅವರ ವಾದ ಅಲಂಕಾರದ ಪರವಾಗಿಯಲ್ಲ, ವಿಶ್ರಾಂತಿಯ ಪರವಾಗಿ. ಸಪಾಟು ಬಣ್ಣವನ್ನು ಕಣ್ಣು ಒಂದೇ ಗುಕ್ಕಿಗೆ ಓದಿ ಮುಗಿಸಿ, ಮುಂದೇನು ಎಂದು ಹುಡುಕತೊಡಗುತ್ತದೆ, ಚಡಪಡಿಕೆ ಅಲ್ಲೇ ಶುರು. ತುಂಬಿದ ಚಿತ್ತಾರವನ್ನು ಅಷ್ಟು ಬೇಗ ಓದಿ ಮುಗಿಸಲಾಗದು, ಹಾಗಾಗಿ ಕಣ್ಣು ಅದರ ಮೇಲೆ ಸುಮ್ಮನೆ ಅಡ್ಡಾಡುತ್ತದೆ. ಮರದಡಿ ಕೂತು ಎಲೆ ನೋಡುತ್ತಾ ಬೇಸರ ಬಾರದಿರುವುದು ಇದೇ ಕಾರಣಕ್ಕೆ. ಈ ಚಿತ್ತಾರಗಳಲ್ಲಿ ನಮ್ಮ ಕಡೆಯದೂ ಒಂದು ಎಳೆ ಇದೆ. 17, 18ನೇ ಶತಮಾನದಲ್ಲಿ ಕೋರಮಂಡಲ ತೀರದಿಂದ ಯುರೋಪಿಗೆ ಹೋದ ಕಲಂಕಾರಿ ಹಾಸುಗಳ ಜೀವವೃಕ್ಷ ಗೊತ್ತಲ್ಲ: ಕೆಳಗೊಂದು ಗುಡ್ಡ, ಅದರಿಂದ ಎದ್ದ ಒಂದು ಮರ, ಒಂದೇ ಕೊಂಬೆಯಲ್ಲಿ ಹತ್ತು ಜಾತಿಯ ಹೂವು. ಫ್ರಾಂಕ್ ಮರಗಳು ಅದೇ ವಂಶದವು.

ಈಗ ನಿಮ್ಮ ಹಾಲ್. ಚಿತ್ತಾರ ಜಾಸ್ತಿಯಾಯಿತೆಂದು ನಿಮಗೆ ಅನ್ನಿಸಿದೆ. ನೀವು ಹೇಳಿದ್ದನ್ನು ನೋಡಿದರೆ ತಪ್ಪು ಎಷ್ಟು ಚಿತ್ತಾರ ಎಂಬುದರಲ್ಲಿಲ್ಲ, ಹೂವಿನ ಗಾತ್ರದಲ್ಲಿರುವ ಸಾಧ್ಯತೆಯೇ ಹೆಚ್ಚು. ಒಂದೇ ಗಾತ್ರದ ಹೂವುಳ್ಳ ಮೂರು ಬಟ್ಟೆ ಅಕ್ಕಪಕ್ಕ ಬಂದರೆ ಮೂರೂ ಒಂದೇ ದನಿಯಲ್ಲಿ ಮಾತಾಡುತ್ತವೆ, ಯಾವುದೂ ಕೇಳಿಸದು. ಒಂದು ನೋಟಕ್ಕೆ ಒಂದೇ ದೊಡ್ಡ ಚಿತ್ತಾರ ಇರಲಿ. ಎರಡನೆಯದು ಬೇಕೇ ಬೇಕೆಂದರೆ ಅದರ ಹೂವು ಮೊದಲನೆಯದರ ಕಾಲು ಭಾಗಕ್ಕಿಂತ ಸಣ್ಣದಿರಲಿ, ಅಥವಾ ಹೂವೇ ಬೇಡ, ಗೀರು ಸಾಕು. ಇನ್ನೊಂದು ಪರೀಕ್ಷೆಯಿದೆ. ಬಟ್ಟೆಯನ್ನು ತೂಗುಹಾಕಿ ಮೂರು ಮೀಟರ್ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿ. ಹೂಗೊಂಚಲು ಗೆರೆ ಎಳೆದಂತೆ ಸಾಲಾಗಿ ಕಂಡರೆ ಆ ಬಟ್ಟೆ ಬೇಡ. ಅಗ್ಗದ ಮುದ್ರಣದಲ್ಲಿ 20 ಸೆಂ.ಮೀ.ಗೊಮ್ಮೆ ಅದೇ ಗೊಂಚಲು ಅದೇ ಜಾಗಕ್ಕೆ ಬರುವುದರಿಂದ ಕಣ್ಣು ಹೂವನ್ನು ಬಿಟ್ಟು ಚೌಕಳಿಯನ್ನು ಎಣಿಸತೊಡಗುತ್ತದೆ. ಫ್ರಾಂಕ್ ಬಟ್ಟೆಯಲ್ಲಿ ಬಳ್ಳಿ ರಿಪೀಟ್‌ನ (ಚಿತ್ತಾರ ಮರುಕಳಿಸುವ ಅಳತೆಯ) ಗಡಿ ದಾಟಿ ಹರಿಯುತ್ತದೆ, ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ಸುಲಭಕ್ಕೆ ಸಿಗದು.

ಗೋಡೆ ತಿಳಿಯಾಗಿಯೇ ಇರಲಿ, ಫ್ರಾಂಕ್ ಕೂಡ ತಿಳಿ ಗೋಡೆಯನ್ನೇ ಬಯಸಿದರು. ಹಿನ್ನೆಲೆ ತಣ್ಣಗಿದ್ದರೆ ಸಾಮಾನು ಬದಲಾಯಿಸಲು ಸ್ವಾತಂತ್ರ್ಯ ಇರುತ್ತದೆ. ಅವರ ಇನ್ನೊಂದು ಹಟ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು: ನೆಲ ಮತ್ತು ಗೋಡೆ ಸೇರುವ ಗೆರೆ ಕಾಣುತ್ತಿರಬೇಕು. ಅದಕ್ಕೇ ಅವರ ಬೀರುಗಳು ತೆಳ್ಳನೆಯ ಉದ್ದ ಕಾಲುಗಳ ಮೇಲೆ ನಿಲ್ಲುತ್ತವೆ. ನೆಲಕ್ಕೆ ಕೂತ ಟಿವಿ ಯೂನಿಟ್, ನೆಲ ಮುಟ್ಟುವ ಸೋಫಾ, ಅದರ ಮೇಲೆ ಹೂವಿನ ಬಟ್ಟೆ, ಮೂರೂ ಸೇರಿದರೆ ಕೋಣೆಯ ಅಂಚೇ ಕಳೆದುಹೋಗಿ ಜಾಗ ಕುಗ್ಗಿದಂತೆ ಕಾಣುತ್ತದೆ. ಸೋಫಾ ಕೆಳಗೆ 15 ಸೆಂ.ಮೀ. ಖಾಲಿ ಸಿಕ್ಕರೂ ವ್ಯತ್ಯಾಸ ಗೊತ್ತಾಗುತ್ತದೆ, ಪೊರಕೆಯೂ ಹೋಗುತ್ತದೆ.

ಪರದೆ ಹೊಲಿಸುವಾಗ ಆಗುವ ಎಡವಟ್ಟು ಬೇರೆಯದೇ, ಲೆಕ್ಕದ್ದು. ಕಿಟಕಿ 150 ಸೆಂ.ಮೀ. ಅಗಲ, ಪರದೆಯ ಇಳಿಕೆ 240 ಸೆಂ.ಮೀ. ಎಂದುಕೊಳ್ಳಿ. ಮೇಲೆ ಕೆಳಗೆ ಮಡಿಕೆಗೆ 25 ಸೇರಿಸಿದರೆ ಒಂದು ಪನ್ನಕ್ಕೆ (ಬಟ್ಟೆಯ ಪೂರ್ತಿ ಅಗಲದ ಒಂದು ತುಂಡಿಗೆ) 265. ಬಟ್ಟೆಯ ಅಗಲ 137 ಸೆಂ.ಮೀ. ಇದ್ದರೆ ಎರಡು ಪನ್ನ ಸಾಕು, ನೆರಿಗೆ ಸುಮಾರು 1.8 ಪಟ್ಟು ಬರುತ್ತದೆ. ಸಾದಾ ಬಟ್ಟೆಗೆ ಎರಡು, ಎರಡೂವರೆ ಪಟ್ಟು ನೆರಿಗೆ ಚೆಂದ, ದೊಡ್ಡ ಚಿತ್ತಾರಕ್ಕೆ ಅಷ್ಟು ಕೊಟ್ಟರೆ ಅರ್ಧ ಮರ ನೆರಿಗೆಯೊಳಗೆ ಸೇರಿಹೋಗುತ್ತದೆ. ಸಾದಾ ಆದರೆ 530 ಸೆಂ.ಮೀ.ಗೆ ಕೆಲಸ ಮುಗಿಯಿತು. ಚಿತ್ತಾರದ ರಿಪೀಟ್ 64 ಸೆಂ.ಮೀ. ಇದ್ದರೆ? 265ರಲ್ಲಿ 64 ನಾಲ್ಕು ಸಲ ಹೋಗಿ 9 ಉಳಿಯುತ್ತದೆ. ಅಂದರೆ ಟೈಲರ್ 265ಕ್ಕೇ ಕತ್ತರಿಸಿದರೆ ಎಡ ಪರದೆಯ ಹಕ್ಕಿಗೂ ಬಲ ಪರದೆಯ ಹಕ್ಕಿಗೂ 9 ಸೆಂ.ಮೀ. ಏರುಪೇರು. ಎರಡು ಪರದೆ ನಡುವೆ ಕೂಡಿದಾಗ ಅದು ಎದ್ದು ಕಾಣುತ್ತದೆ, ಯಾಕೆಂದು ತಿಳಿಯದಿದ್ದರೂ ಮನಸ್ಸಿಗೆ ಕಿರಿಕಿರಿ. ಹಾಗಾಗಿ ಪ್ರತಿ ಪನ್ನಕ್ಕೆ ಐದು ಪೂರ್ಣ ರಿಪೀಟ್, 320 ಸೆಂ.ಮೀ. ಹಿಡಿಯಿರಿ. ಎರಡಕ್ಕೆ 640. ಕೊನೆಯ ತುಂಡಿಗೆ 265 ಸಾಕಲ್ಲ ಎಂದು 585ಕ್ಕೆ ಇಳಿಸುವ ಜಾಣರಿದ್ದಾರೆ, ಅಂಗಡಿಯ ತಾನು ರಿಪೀಟ್‌ನ ನಡುವೆ ಶುರುವಾಗಿದ್ದರೆ ಮೇಲ್ತುದಿಗೆ ಅರ್ಧ ತಲೆಯ ಹಕ್ಕಿ ಬರುತ್ತದೆ. ಸ್ವೆನ್ಸ್ಕ್ಟ್ ಟೆನ್‌ನವರ ಭಾರಿ ಲಿನನ್ ಚದರ ಮೀಟರಿಗೆ 315 ಗ್ರಾಂ ತೂಗುತ್ತದೆ. ಬೇರೆ ಕಡೆಯ ಲಿನನ್ ಆದರೂ ತೀರ ಹಗುರವಾದದ್ದು ದೊಡ್ಡ ಚಿತ್ತಾರವನ್ನು ನೆಟ್ಟಗೆ ಇಳಿಬಿಡುವುದಿಲ್ಲ. ಲಿನನ್ ಮೊದಲ ನೀರಿಗೆ ಕುಗ್ಗುವ ಬಟ್ಟೆ. ಮನೆಯಲ್ಲೇ ಒಗೆಯುವವರಾದರೆ ಹೊಲಿಸುವ ಮುಂಚೆಯೇ ನೀರಿಗೆ ಹಾಕಿ ತೆಗೆಯಿರಿ.

ಫ್ರಾಂಕ್ ಬಗ್ಗೆ ಇಷ್ಟು ಹೇಳಿದ ಮೇಲೆ ಅವರೊಬ್ಬರೇ ತಕರಾರು ತೆಗೆದರು ಎಂದುಕೊಳ್ಳಬೇಡಿ. ಫಿನ್‌ಲ್ಯಾಂಡ್‌ನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ (ಭೂಗೋಳದವರು ಫಿನ್‌ಲ್ಯಾಂಡನ್ನು ಸ್ಕ್ಯಾಂಡಿನೇವಿಯಾಕ್ಕೆ ಸೇರಿಸುವುದಿಲ್ಲ, ವಿನ್ಯಾಸದವರು ಬಿಡುವುದಿಲ್ಲ) ಚರ್ಮ, ಕಿವಿ, ಕಣ್ಣುಗಳನ್ನೇ ಸಾಕ್ಷಿಗೆ ಕರೆದರು. ಮಾಡರ್ನಿಸಂನ ಲಾಂಛನವಾಗಿದ್ದ ಉಕ್ಕಿನ ಕೊಳವೆ ಕುರ್ಚಿಯ ಬಗ್ಗೆ 1935ರಲ್ಲಿ ಸ್ವೀಡನ್ನಿನ ಕರಕುಶಲ ಸಂಘದಲ್ಲಿ ಮಾತಾಡುತ್ತಾ, ಅದು ತರ್ಕಬದ್ಧ ನಿಜ, ಆದರೆ ತರ್ಕವನ್ನು ಅರ್ಧಕ್ಕೇ ಬಿಟ್ಟಿದೆ ಎಂದರು. ಲೋಹ ಮೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಬೆಳಕನ್ನು ಕಣ್ಣಿಗೆ ಹೊಡೆಯುತ್ತದೆ, ಕೋಣೆಯ ಸದ್ದನ್ನು ಹೆಚ್ಚಿಸುತ್ತದೆ. ಪೈಮಿಯೊ ಕ್ಷಯರೋಗ ಆಸ್ಪತ್ರೆಯನ್ನು (1933ರಲ್ಲಿ ಮುಗಿದದ್ದು) ಅವರು ಮಲಗಿದ ರೋಗಿಯ ಕಣ್ಣಿನಿಂದ ಕಟ್ಟಿದರು. ಮಲಗಿದವರಿಗೆ ಕಾಣುವುದು ಚಾವಣಿ, ಆದ್ದರಿಂದ ಅದಕ್ಕೆ ಹಸಿರು ಬಣ್ಣ. ಕೈತೊಳೆಯುವ ತೊಟ್ಟಿಯ ಗೋಡೆಗೆ ನೀರು ಓರೆಯಾಗಿ ಬೀಳುವಂತೆ ಇಳಿಜಾರು, ಪಕ್ಕದ ರೋಗಿಯ ನಿದ್ದೆ ಕೆಡಬಾರದಲ್ಲ.

ಅವರ 1933ರ ಮೂರು ಕಾಲಿನ ಸ್ಟೂಲ್ 60ರ ನಕಲುಗಳು ಈಗ ಎಲ್ಲೆಲ್ಲೂ ಸಿಗುವುದರಿಂದ ಅದರ ಕಾಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಸನ 38 ಸೆಂ.ಮೀ. ವ್ಯಾಸ, ಎತ್ತರ 44. ಕಾಲು ಗಟ್ಟಿ ಬರ್ಚ್ ಮರ, ನಮ್ಮ ಹಿಮಾಲಯದ ಭೂರ್ಜದ ನೆಂಟ. ಅದರ ಮೇಲ್ತುದಿಯನ್ನು ಮಾತ್ರ ನಾರಿನ ದಿಕ್ಕಿನಲ್ಲೇ ಬಾಚಣಿಗೆಯಂತೆ ಸೀಳುತ್ತಾರೆ. ಪ್ರತಿ ಸೀಳಿಗೂ ಅಂಟು ಬಳಿದ ತೆಳುವಾದ ಮರದ ಪದರ ತೂರಿಸಿ, ಬಿಸಿ ಕೊಟ್ಟು, ಅಚ್ಚಿನಲ್ಲಿ 90 ಡಿಗ್ರಿಗೆ ಬಾಗಿಸಿ ಆರಲು ಬಿಡುತ್ತಾರೆ. ಸೀಳು ಏಕೆಂದರೆ, ಮರ ಬಾಗುವಾಗ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಒಂದೇ ದಪ್ಪ ತುಂಡಾದರೆ ಹೊರಗೆ ಸಿಗಿಯುತ್ತದೆ. ಪದರಗಳಾದರೆ ಅಂಟು ಆರುವ ಮುನ್ನ ಒಂದರ ಮೇಲೊಂದು ಜಾರಿ ಹೊಂದಿಕೊಳ್ಳುತ್ತವೆ. ಹೀಗೆ ಬಾಗಿದ ತುದಿಯನ್ನು ಆಸನದಡಿಗೆ ನೇರ ಸ್ಕ್ರೂ ಹೊಡೆದು ಕೂರಿಸಬಹುದು, ಕೂಡುಗೆಣಿಕೆಯೇ ಬೇಡ. ಉಕ್ಕಿನ ಕೊಳವೆ ಮಾಡುತ್ತಿದ್ದ ಕೆಲಸವನ್ನು ಮರದಲ್ಲಿ, ಕಾರ್ಖಾನೆಯ ಲೆಕ್ಕದಲ್ಲೇ, ಮಾಡಿ ತೋರಿಸಿದ ಉತ್ತರ ಇದು. ನಕಲು ಕೊಳ್ಳುವಾಗ ಬಾಗಿನ ಪಕ್ಕವನ್ನು ನೋಡಿ: ಸೀಳುಗೆರೆಗಳು ಬಾಗಿನಲ್ಲಿ ಮಾತ್ರ ಇದ್ದು, ಕೆಳಗೆ ಮರ ಅಖಂಡವಾಗಿರಬೇಕು. ಆಸನ ಪಾರ್ಟಿಕಲ್ ಬೋರ್ಡ್ ಆದರೆ ಬಿಟ್ಟುಬಿಡಿ. ಎರಡು ಸಲ ಬಿಚ್ಚಿ ಬಿಗಿದರೆ ಸ್ಕ್ರೂ ತೂತು ಸವೆದು ಕಾಲು ಲೊಡಲೊಡ. ಮೂರು ಕಾಲಿನದು ಏರುತಗ್ಗಿನ ನೆಲದಲ್ಲೂ ಅಲ್ಲಾಡುವುದಿಲ್ಲ, ಸರಿ. ಆದರೆ ಎರಡು ಕಾಲಿನ ನಡುವಿನ ಅಂಚಿಗೆ ಭಾರ ಬಿದ್ದರೆ ಮಗುಚುತ್ತದೆ. ಮೇಲೆ ಹತ್ತಿ ಬಲ್ಬ್ ಹಾಕುವವರಿರುವ ಮನೆಗೆ ನಾಲ್ಕು ಕಾಲಿನದೇ ಕ್ಷೇಮ.

ಡೆನ್ಮಾರ್ಕ್‌ನವರ ತಕರಾರು ಇತಿಹಾಸದ್ದು. ಹಳೆಯದನ್ನೆಲ್ಲ ಬಿಟ್ಟು ಸೊನ್ನೆಯಿಂದ ಶುರು ಮಾಡಬೇಕೆಂಬ ಜರ್ಮನ್ ಉತ್ಸಾಹ ಅಲ್ಲಿ ಹತ್ತಲಿಲ್ಲ. 1924ರಲ್ಲಿ ಕೋಪನ್‌ಹೇಗನ್ ಕಲಾ ಅಕಾಡೆಮಿಯಲ್ಲಿ ಪೀಠೋಪಕರಣ ವಿಭಾಗ ಶುರು ಮಾಡಿದ ಕೋರೆ ಕ್ಲಿಂಟ್, ವಿದ್ಯಾರ್ಥಿಗಳಿಂದ ಹಳೆಯ ಇಂಗ್ಲಿಷ್ ಕುರ್ಚಿಗಳನ್ನು ಅಳತೆ ಮಾಡಿಸುತ್ತಿದ್ದರು, ಜೊತೆಗೆ ಮನುಷ್ಯನ ಮೈಯನ್ನೂ. ಹಾನ್ಸ್ ವೆಗ್ನರ್ ಚೀನಾದ ಮಿಂಗ್ ಕಾಲದ ಕುರ್ಚಿಯಿಂದ ಹೊರಟು 1949ರಲ್ಲಿ ವೈ ಆಕಾರದ ಬೆನ್ನಿನ ಕುರ್ಚಿಗೆ ಬಂದರು. ಅದರ ಒಂದು ಆಸನ ಹೆಣೆಯಲು 120 ಮೀಟರ್ ಕಾಗದದ ಹುರಿ ಬೇಕು. ದೀಪಗಳ ವಿನ್ಯಾಸಕಾರ ಪೌಲ್ ಹೆನ್ನಿಂಗ್‌ಸೆನ್ ನಾಲಿಗೆಯಂತೂ ಹರಿತ. ಥೋನೆಟ್ ಕಂಪನಿಯ ಹಳೆಯ ಬಾಗು ಮರದ ಕುರ್ಚಿಯನ್ನು ತೋರಿಸಿ, ಇದನ್ನೇ ಐದು ಪಟ್ಟು ದುಬಾರಿ ಮಾಡಿ, ಸುಖವನ್ನು ಅರ್ಧಕ್ಕೂ ಅಂದವನ್ನು ಕಾಲಿಗೂ ಇಳಿಸಿದರೆ ವಾಸ್ತುಶಿಲ್ಪಿಗೆ ಹೆಸರು ಬರುತ್ತದೆ ಎಂದು 1920ರ ದಶಕದಲ್ಲೇ ಚುಚ್ಚಿದ್ದರು.

ನಿಮ್ಮ ತಿಳಿ ಮರದ ಟೇಬಲ್ ಓಕ್ ಆಗಿದ್ದು ಪಾಲಿಶ್ ಇನ್ನೂ ಆಗಿಲ್ಲವಾದರೆ ಡೆನ್ಮಾರ್ಕ್‌ನವರ ಸೋಪಿನ ಉಪಚಾರ ಮಾಡಿ ನೋಡಬಹುದು. ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ ಶುದ್ಧ ಸೋಪಿನ ಚಕ್ಕೆ ಕದಡಿ, ನಾರಿನ ದಿಕ್ಕಿನಲ್ಲಿ ಒರೆಸಿ, ಹೆಚ್ಚಾದದ್ದನ್ನು ಕೂಡಲೇ ಬಟ್ಟೆಯಿಂದ ತೆಗೆದು ಆರಲು ಬಿಡಿ. ಎರಡು ಮೂರು ಸಲ ಮಾಡಿದರೆ ಮೈ ರೇಷ್ಮೆಯಾಗುತ್ತದೆ, ಹಳದಿ ತಿರುಗುವುದೂ ನಿಧಾನ. ಬಟ್ಟೆ ಒಗೆಯುವ ಪುಡಿ ಹಾಕಬೇಡಿ, ಅದರ ಕ್ಷಾರ ಮರದ ಬಣ್ಣ ಕೆಡಿಸುತ್ತದೆ. ಉಕ್ಕಿನ ನಾರಿನಿಂದ ಉಜ್ಜಲೂ ಬೇಡಿ. ಓಕ್‌ನ ಒಗರಿಗೂ ಕಬ್ಬಿಣಕ್ಕೂ ಸೇರಿ ಕಪ್ಪು ಕಲೆ ಬೀಳುತ್ತದೆ, ನಮ್ಮಲ್ಲಿ ಅಳಲೆಕಾಯಿ ಮತ್ತು ಕಬ್ಬಿಣದಿಂದ ಶಾಯಿ ಮಾಡುತ್ತಿದ್ದ ರಸಾಯನವೇ ಅದು. ಬಿಸಿ ಸಾರಿನ ಪಾತ್ರೆ ನೇರ ಇಡುವ ಟೇಬಲ್‌ಗೆ ಈ ಉಪಚಾರ ತಡೆಯುವುದಿಲ್ಲ.

ಅಭಿರುಚಿ ತಿದ್ದುವ ಹುಮ್ಮಸ್ಸಿಗೆ ಅತಿ ದೊಡ್ಡ ಪ್ರತಿರೋಧ ಬಂದದ್ದು ವಿನ್ಯಾಸಕಾರರಿಂದಲ್ಲ, ಬಾಡಿಗೆದಾರರಿಂದ. ಸಂಶೋಧಕಿ ಬ್ರಿಟಾ ಓಕರ್ಮನ್ ಸ್ಟಾಕ್‌ಹೋಮ್‌ನ ಸಣ್ಣ ಮನೆಗಳಲ್ಲಿ ನಡೆಸಿ 1941ರಲ್ಲಿ ಪ್ರಕಟಿಸಿದ ಅಧ್ಯಯನದ ಕಾಲಕ್ಕೂ, ಜನ ಅಡುಗೆಮನೆಯಲ್ಲಿ ಒತ್ತೊತ್ತಾಗಿ ಮಲಗಿ ಒಳ್ಳೆಯ ಕೋಣೆಯನ್ನು ಅತಿಥಿಗಳಿಗೆಂದು ಮೀಸಲಿಡುತ್ತಿದ್ದರು. ಅದಕ್ಕೆ ‘ಫಿನ್‌ರುಮ್’ ಎಂದೇ ಹೆಸರಿತ್ತು. ಸುಧಾರಕರಿಗೆ ಇದು ಮೌಢ್ಯ. ಗಂಟೆಗಟ್ಟಲೆ ದುಡಿದು ಬಂದವರಿಗೆ ಮನೆಯಲ್ಲೊಂದು ಮೂಲೆಯಾದರೂ ದುಡಿಮೆಯ ಗುರುತಿಲ್ಲದೆ ಇರಲಿ ಎನ್ನಿಸಿದ್ದರಲ್ಲಿ ಮೌಢ್ಯವೇನಿದೆಯೋ ಗೊತ್ತಾಗದು. ಫ್ರಾಂಕ್ 1958ರಲ್ಲಿ ‘ಆಕ್ಸಿಡೆಂಟಿಸಂ’ ಎಂಬ ಹೆಸರು ಕೊಟ್ಟು ಬರೆದದ್ದು ಈ ಬಗೆಯ ಬದುಕಿಗೆ ಹತ್ತಿರ: ನಮ್ಮ ಸುತ್ತಲಿನದು ತಾನಾಗಿ, ಆಕಸ್ಮಿಕವಾಗಿ ಕೂಡಿಬಂದಂತೆ ಇರಬೇಕು. ಸೆಟ್ಟಿಗೆ ಸೆಟ್ಟು ಕೊಂಡ ಸಾಮಾನು ಅವರಿಗೆ ಆಗುತ್ತಿರಲಿಲ್ಲ. ನಿಮ್ಮಲ್ಲಿ ಅಜ್ಜನ ಕಾಲದ ಬೀಟೆ ಕುರ್ಚಿ ಇದ್ದರೆ ಸ್ಟೋರ್ ರೂಮಿನಿಂದ ಹೊರಗೆ ತನ್ನಿ.

ಹಾಗಾದರೆ ಬಿಳಿ-ಬೂದು-ಬರ್ಚ್ ಎಂಬ ಚಿತ್ರ ಬಂದದ್ದೆಲ್ಲಿಂದ? ಬಹುಪಾಲು ರಫ್ತಿನಿಂದ. 1951ರಲ್ಲಿ ಲಂಡನ್ನಿನ ಹೀಲ್ಸ್ ಅಂಗಡಿಯಲ್ಲಿ, 1954ರಿಂದ 1957ರವರೆಗೆ ಅಮೆರಿಕ ಮತ್ತು ಕೆನಡಾದ ಊರೂರುಗಳಲ್ಲಿ ನಡೆದ ಪ್ರದರ್ಶನಗಳು ನಾಲ್ಕು ದೇಶಗಳ ನಾಲ್ಕು ಬಗೆಯ ಕೆಲಸಕ್ಕೆ ಒಂದೇ ಹಣೆಪಟ್ಟಿ ಅಂಟಿಸಿದವು. ನಮ್ಮಲ್ಲಿಗೆ ಅದು ಮಾಸಪತ್ರಿಕೆಗಳ ಮೂಲಕ, ಈಚೆಗೆ 2022ರಲ್ಲಿ ನಾಗಸಂದ್ರದಲ್ಲಿ ತೆರೆದ ಐಕಿಯಾ ಮೂಲಕ ಬಂತು. ಆ ಹಣೆಪಟ್ಟಿಯ ಒಳಗೂ ದಂಗೆಗಳಿದ್ದವು. ಫಿನ್‌ಲ್ಯಾಂಡ್‌ನ ಬಟ್ಟೆ ಕಂಪನಿ ಮರಿಮೆಕ್ಕೊ ಸಂಸ್ಥೆಯ ಒಡತಿ ಆರ್ಮಿ ರಾತಿಯಾ ಬಟ್ಟೆಯ ಮೇಲೆ ಹೂವು ಬೇಡ ಎಂದಿದ್ದಕ್ಕೆ ಅಲ್ಲಿನ ವಿನ್ಯಾಸಕಾರ್ತಿ ಮೈಯಾ ಇಸೊಲಾ 1964ರಲ್ಲಿ ಹೂವಿನ ಸರಣಿಯನ್ನೇ ಬರೆದು ಮುಂದಿಟ್ಟರು. ಅದರಲ್ಲೊಂದು ಉನಿಕ್ಕೊ, ಗಸಗಸೆ ಹೂವು. ಇವತ್ತು ಆ ಸಂಸ್ಥೆಯ ಗುರುತೇ ಅದು.

ಬಿಳಿ ಗೋಡೆಗೆ ನಿಜವಾದ ಕಾರಣವೂ ಒಂದಿದೆ, ಅದು ಬೆಂಗಳೂರಿಗೆ ಹೊಂದುವುದಿಲ್ಲ. ಡಿಸೆಂಬರ್ ನಡುವಿಗೆ ಸ್ಟಾಕ್‌ಹೋಮ್‌ನಲ್ಲಿ ಹಗಲು ಆರೇ ಗಂಟೆ. ನಡುಹಗಲಲ್ಲೂ ಸೂರ್ಯ ದಿಗಂತದಿಂದ 7 ಡಿಗ್ರಿ ಮೇಲೆ. ಬೆಳಕು ಅಡ್ಡಡ್ಡ ಒಳಬಂದು ಹಿಂದಿನ ಗೋಡೆಗೇ ಬಡಿಯುತ್ತದೆ, ಗೋಡೆ ಬಿಳಿಯಿದ್ದರೆ ಅದನ್ನು ಹಿಂದಿರುಗಿಸುತ್ತದೆ. ಅದೇ ದಿನ ಬೆಂಗಳೂರಿನಲ್ಲಿ ಸೂರ್ಯ ಸುಮಾರು 54 ಡಿಗ್ರಿ ಮೇಲಿರುತ್ತಾನೆ, ಬೆಳಕು ಮೊದಲು ಬೀಳುವುದು ನಿಮ್ಮ ಹೊಳೆಯುವ ಟೈಲ್ಸ್ ನೆಲಕ್ಕೆ. ಅಲ್ಲಿಂದ ಚಿಮ್ಮಿ ಚಾವಣಿಗೆ, ಕಣ್ಣಿಗೆ. ಹೊಳಪಿಲ್ಲದ ಕೆನೆಬಣ್ಣ ಬಳಿದು ನೆಲಕ್ಕೊಂದು ಜಮಖಾನ ಹಾಸಿದರೆ ಅರ್ಧ ಕಿರಿಕಿರಿ ಇಳಿಯುತ್ತದೆ.

ರಾತ್ರಿಗೆ ಹೆನ್ನಿಂಗ್‌ಸೆನ್ ಪಾಠ ಬೇಕು. 1920ರ ದಶಕದ ಅವರ ಮೂರು ಹೊದಿಕೆಯ ದೀಪದಲ್ಲಿ ಬಲ್ಬ್ ಯಾವ ಕಡೆಯಿಂದಲೂ ಕಣ್ಣಿಗೆ ಬೀಳದು, ಬೆಳಕು ಹೊದಿಕೆಗೆ ಎಲ್ಲೆಡೆ 37 ಡಿಗ್ರಿಯಲ್ಲೇ ತಾಗುವಂತೆ ಬಾಗಿಸಿದ್ದಾರೆ. ಬಲ್ಬ್ ಕಂಪನಿಗಳು ಆಗಾಗ ಬಲ್ಬಿನ ಆಕಾರ ಬದಲಿಸುತ್ತಿದ್ದವು, ಲೆಕ್ಕ ತಪ್ಪುತ್ತಿತ್ತು. ರೋಸಿ ಹೋಗಿ 1958ರಲ್ಲಿ ಯಾವ ಬಲ್ಬ್ ಹಾಕಿದರೂ ಕಣ್ಣಿಗೆ ಕುಕ್ಕದ, 50 ಸೆಂ.ಮೀ. ಅಗಲದ ಪಿಎಚ್ 5 (ಅವರದೇ ಹೆಸರಿನ ಮೊದಲಕ್ಷರಗಳು) ಎಂಬ ದೀಪ ಮಾಡಿದರು. ಅದರ ಒಳಗಿನ ಸಣ್ಣ ಕೆಂಪು ಮತ್ತು ನೀಲಿ ಭಾಗಗಳು ಬೆಳಕಿನ ಹಳದಿ-ಹಸಿರು ಜೋರನ್ನು ಸರಿದೂಗಿಸಲು ಇಟ್ಟವು. ನಿಮ್ಮ ಊಟದ ಟೇಬಲ್ ಮೇಲೆ ಯಾವ ದೀಪವೇ ಇರಲಿ, ಅಂಚು ಟೇಬಲಿನಿಂದ ಸುಮಾರು 60 ಸೆಂ.ಮೀ. ಎತ್ತರಕ್ಕೆ ಇಳಿಸಿ. ಕೂತವರಿಗೆ ಬಲ್ಬ್ ಕಂಡರೆ ಇನ್ನೂ ಎರಡು ಬೆರಳು ಇಳಿಸಿ, ಎದುರಿಗಿರುವವರ ಮುಖ ಮರೆಯಾದರೆ ಏರಿಸಿ.

ಮೂರು ಹೂವಿನ ಬಟ್ಟೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ರಿಪೀಟ್ ಇರುವುದನ್ನು ಪರದೆಗೆ ಉಳಿಸಿಕೊಂಡು, ಉಳಿದ ಎರಡರ ದಿಂಬಿನ ಕವರ್‌ಗಳನ್ನು ಒಂದು ತಿಂಗಳು ಬೀರುವಿನಲ್ಲಿಡಿ. ಆಮೇಲೆ ಒಂದೊಂದಾಗಿ ಹೊರತೆಗೆದು ನೋಡಿ. ಬೂದು ಸೋಫಾ ಈಗಲೇ ಬದಲಿಸಬೇಕಾಗಿಲ್ಲ, ಅದಕ್ಕೆ ಕಾಲು ಹಾಕಿಸಿದರೆ ಸಾಕು.